ಶನಿವಾರದ ಜಗಳ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಈ ಪರದೇಶದ ಡ್ರೋಹೆಡಾ ಊರಿನ ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ಮಗಳು ಮಧುಶ್ರೀಯ ಜೊತೆ ಇರಲು ನಾನು ಬಂದ ಮೊದಲ ವಸಂತದಲ್ಲಿ, ಶನಿವಾರ ಮಧ್ಯಾಹ್ನವಾದರೆ ಸಾಕು, ಆ ಗೋಡೆಯಾಚೆ ಎಡಿತ್ ಮತ್ತು ಅವರ ಗಂಡ ಮಾರಿಸ್ ಜಗಳವಾಡುವುದು ಕೇಳಿಸುತ್ತಿತ್ತು. ಇಬ್ಬರೂ ಎಂಬತ್ತು ದಾಟಿದವರು.

"ಹೋಗಿ ಸಮಾಧಾನ ಮಾಡ್ಲೇನೇ?" ಎಂದು ಮಗಳನ್ನು ಕೇಳಿದ್ದೆ.

"ಇಲ್ಲಿ ಹಾಗೆಲ್ಲ ನುಗ್ಗಬಾರ್ದಮ್ಮ. ಇಲ್ಲಿಯವ್ರು ಹೇಳೋ ಹಾಗೆ ಅವ್ರು ಗ್ರ್ಯಾಂಡಾಗೇ, ಅಂದ್ರೆ ಚೆನ್ನಾಗೇ ಇದಾರೆ, ನೀನು ಸುಮ್ನಿರು."

ಈ ಚಳಿಗಾಲದಲ್ಲಿ ಮಾರಿಸ್ ತೀರಿಕೊಂಡರು. ಮಗಳಿಗೆ ಶನಿವಾರವೂ ಡ್ಯೂಟಿ. ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೇನೂ ಇಲ್ಲದಾದಾಗ, ಆ ಜಗಳ ನನಗೆಷ್ಟು ಜೊತೆಯಾಗಿತ್ತೆಂದು ತಿಳಿಯಿತು.

ವಸಂತ ಮರಳಿದಾಗ ಎಡಿತ್ ಬೇಲಿಯ ಬಳಿ ಕರೆದರು. ಶನಿವಾರದ ಜಗಳದ ಸದ್ದಿಲ್ಲದೆ ಮನೆ ಬಿಕೋ ಅನ್ನುತ್ತದೆ ಎಂದೆ. "ಜಗಳಾನಾ?" ಎಂದು ನಕ್ಕರು. "ನಾವು ಓದ್ತಿದ್ವಿ ಕಣ್ರೀ. ನಮ್ಮ ಯಹೂದಿಗಳ ಪಾಸೋವರ್ ಹಬ್ಬ ಮುಗಿದ ಮೇಲೆ ಶನಿವಾರಕ್ಕೊಂದು ಅಧ್ಯಾಯ, ನಮ್ಮ ಹಿರಿಯರ ನೀತಿಮಾತು. ಒಬ್ಬಳೇ ಓದೋಕೆ ಆಗ್ತಿಲ್ಲ. ಈ ಊರಲ್ಲಿ ನಮ್ಮವರು ಬೇರೆ ಯಾರೂ ಇಲ್ಲ. ನೀವು ಬರ್ತೀರಾ?"

ಹೋದೆ. ಅವರ ಧರ್ಮದಂತೆ ಶನಿವಾರ ಒಲೆ ಹಚ್ಚುವಂತಿಲ್ಲ. ಹಿಂದಿನ ದಿನವೇ ನೀರು ಕುದಿಸಿ ಫ್ಲಾಸ್ಕಿಗೆ ತುಂಬಿಟ್ಟಿದ್ದರು. ಭೂತಗನ್ನಡಿ ಹಿಡಿದು ಪೊಟ್ಟಣಗಳನ್ನು ಓದಿ, ನನಗೆಂದು ಮೊಟ್ಟೆಯಿಲ್ಲದ ಬಿಸ್ಕತ್ತು ತಂದಿಟ್ಟಿದ್ದರು. ಒಂದೊಂದು ಸಾಲನ್ನೂ ಹೀಬ್ರೂವಿನಲ್ಲಿ ಓದಿ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ನಾನು ಎಲ್ಲದಕ್ಕೂ ತಲೆಯಾಡಿಸಿ "ಎಷ್ಟು ಚೆನ್ನಾಗಿದೆ" ಎಂದೆ. ದುಃಖದಲ್ಲಿರುವವರಿಗೆ ಬೇರೇನು ಹೇಳುವುದು?

ಮುಂದಿನ ವಾರವೂ ಹಾಗೆಯೇ ಆಯಿತು. ಎಲ್ಲರನ್ನೂ ನಗುಮುಖದಿಂದ ಎದುರುಗೊಳ್ಳಬೇಕೆಂಬ ಮಾತು ಬಂತು. ನಾನು ತಲೆಯಾಡಿಸಿದೆ. ಎಡಿತ್ ಪುಸ್ತಕ ಮುಚ್ಚಿದರು.

"ನೀವು ತುಂಬಾ ಒಳ್ಳೆಯವರು. ಆದರೆ ಮಾರಿಸ್ ಒಂದೇ ಒಂದು ಸಾಲಿಗೂ ಹೂಂ ಅಂದವರಲ್ಲ. ಮುಂದಿನ ವಾರ ಬೇಡ ಬಿಡಿ. ಈ ವರ್ಷಕ್ಕೆ ಸಾಕು."

ಅವರ ಕೈ ಪುಸ್ತಕದ ಮೇಲೆಯೇ ಇತ್ತು. ಅದನ್ನು ಅವರು ಕಪಾಟಿಗೆ ಸೇರಿಸಿದರೆ ಮತ್ತೆ ತೆಗೆಯಲಾರರು ಎನ್ನಿಸಿತು.

"ಆ ಮಾತು ತಪ್ಪು" ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು.

"ಏನಂದ್ರಿ?"

"ನನ್ನ ಯಜಮಾನರು ತೀರಿಕೊಂಡ ವರ್ಷ, ಬಂದವರಿಗೆಲ್ಲ ನಗುಮುಖ ತೋರಿಸಿದೆ. ಇವಳು ಸುಧಾರಿಸಿಕೊಂಡಳು ಅಂತ ಒಬ್ಬೊಬ್ಬರೇ ಬರೋದು ಬಿಟ್ರು. ನಿಮ್ಮ ಹಿರಿಯರಿಗೆ ಇದು ಗೊತ್ತಿತ್ತಾ?"

ಎಡಿತ್ ಬೆನ್ನು ನೆಟ್ಟಗೆ ಮಾಡಿ ಕೂತರು. "ನಗು ಇರೋದು ಎದುರಿನವರಿಗೋಸ್ಕರ, ನಿಮಗೋಸ್ಕರ ಅಲ್ಲ!"

"ಎದುರಿನವರೇ ಇಲ್ಲದಿದ್ದರೆ?"

"ಅಡ್ಡಪ್ರಶ್ನೆ! ಅಡ್ಡಪ್ರಶ್ನೆ ಇದು!" ಎಂದು ಮೇಜು ಗುದ್ದಿದರು. ಬಿಸ್ಕತ್ತಿನ ತಟ್ಟೆ ಕುಣಿಯಿತು. ಕೆನ್ನೆಗೆ ಬಣ್ಣ ಬಂದಿತ್ತು.

ಹೊರಡುವಾಗ ಬಾಗಿಲವರೆಗೆ ಬಂದು, "ಮುಂದಿನ ಶನಿವಾರ ಬೇಗ ಬನ್ನಿ. ಇದಿನ್ನೂ ಮುಗಿದಿಲ್ಲ" ಎಂದು ಗದರಿದರು.

ಮನೆಗೆ ಬಂದರೆ ಮಗಳಿನ್ನೂ ಬಂದಿರಲಿಲ್ಲ. ಕತ್ತಲಾಗಲು ಇಲ್ಲಿ ಬಹಳ ಹೊತ್ತು ಬೇಕು. ಗೋಡೆಗೆ ತಾಗಿದ ಕುರ್ಚಿಯಲ್ಲಿ ಕೂತೆ. ಆಚೆ ಎಡಿತ್ ಒಬ್ಬರೇ ಅದೇ ಸಾಲನ್ನು ಓದುತ್ತಿದ್ದರು. ಓದಿ ನಿಲ್ಲಿಸಿದರು. ಉತ್ತರ ಬರಬೇಕಾದಷ್ಟು ಹೊತ್ತು ಮೌನ.

ನನ್ನಲ್ಲಿ ಉತ್ತರವಿತ್ತು. ಆದರೆ ಆ ಜಾಗ ಮಾರಿಸ್ ಅವರದು. ನಾನು ಸುಮ್ಮನೆ ಕಾದೆ.

ಎಡಿತ್ ಮುಂದಿನ ಸಾಲು ಓದಿದರು.