ಹೊಸ್ತಿಲಿಲ್ಲದ ನಡುಗಡ್ಡೆ

ಅಪೂರ್ವಳ ಬ್ಯಾಗಿನಲ್ಲಿ ಸೀರೆಗಳ ನಡುವೆ ಒಂದು ಚಿತ್ರವಿತ್ತು. ಕೊಚ್ಚಿ ಕಡೆಯ ಹಿನ್ನೀರಿನಲ್ಲಿ ಅಂಗೈಯಗಲದ ದ್ವೀಪ, ಬಾಗಿ ನಿಂತ ತೆಂಗಿನ ಮರಗಳು, ಮರದಡಿ ಎರಡು ಬೆತ್ತದ ಕುರ್ಚಿ. ಕುರ್ಚಿಗಳು ಖಾಲಿಯಿದ್ದವು. "ಅಲ್ಲಿ ಕೂರೋರು ನಾವೇ" ಎಂದು ಸುಮುಖ ಮದುವೆಯ ಮಾರನೆಯ ದಿನ ಟ್ರಾವೆಲ್ಸ್‌ನವರ ಆ ಕಾಗದವನ್ನು ಅವಳ ಕೈಗಿಟ್ಟಿದ್ದ.

ಅಷ್ಟರಲ್ಲಿ ಆಷಾಢ ಬಂತು. ತಿಪಟೂರಿನ ತವರಿನವರು ಬಂದು ಮಗಳನ್ನು ಕರೆದುಕೊಂಡು ಹೋದರು. ಕೊಯಮತ್ತೂರಿನ ಕುರಿಚಿಯ ಪಂಪ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಸುಮುಖ, ಆಷಾಢ ಮುಗಿದ ಕೂಡಲೇ ಹೊರಡೋಣವೆಂದು ರಜೆ ಕೇಳಿ ಇಟ್ಟುಕೊಂಡ.

ಭೀಮನ ಅಮಾವಾಸ್ಯೆ ಕಳೆದ ಮೇಲೆ ಅಪೂರ್ವ ಕೊಯಮತ್ತೂರಿಗೆ ಬಂದಿಳಿದಳು. ಆರ್.ಎಸ್. ಪುರಂನ ಮನೆಯ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಅತ್ತೆ ವನಮಾಲಾ ಸೌಟು ಹಿಡಿದುಕೊಂಡೇ ಓಡಿ ಬಂದರು.

"ಅಯ್ಯೋ ಅಪೂರ್ವಾ ಕಣ್ಣು, ನಿಲ್ಲು ನಿಲ್ಲು! ಆಡಿ ಹುಟ್ಟಿಬಿಟ್ಟಿದೆ!"

"ಆಷಾಢ ಮುಗೀತಲ್ಲ ಅತ್ತೆ..."

"ಅದು ನಿಮ್ಮೂರಿಂದು. ಇಲ್ಲಿ ಆಡಿ ಈಗ ತಾನೇ ಸುರುವಾಯ್ತು. ಹೊಸದಾಗಿ ಮದುವೆಯಾದೋರು ಒಂದೇ ಸೂರಿನ ಕೆಳಗೆ ಇರಕೂಡದು."

ಮದುವೆಗೆ ಮುಂಚೆ ಎರಡೂ ಮನೆಯವರು ಗೋತ್ರ ನೋಡಿದ್ದರು, ನಕ್ಷತ್ರ ನೋಡಿದ್ದರು. ಒಬ್ಬರ ಮನೆಯ ಕ್ಯಾಲೆಂಡರನ್ನು ಇನ್ನೊಬ್ಬರು ನೋಡಿರಲಿಲ್ಲ. ಸುಮುಖನ ಮನೆಯವರು ಮೂರು ತಲೆಮಾರಿನಿಂದ ಇಲ್ಲಿಯವರು. ಒಲೆಯ ಮುಂದೆ ಕನ್ನಡ ಆಡಿದರೂ ಇಂಥ ವಿಷಯಕ್ಕೆ ತಮಿಳರ ತಿಂಗಳನ್ನೇ ಹಿಡಿಯುತ್ತಿದ್ದರು. ತಿಪಟೂರಿನ ಗೋಡೆಯ ಮೇಲೆ ಚಂದ್ರನ ತಿಂಗಳು, ಕೊಯಮತ್ತೂರಿನ ಗೋಡೆಯ ಮೇಲೆ ಸೂರ್ಯನದು. ಅಲ್ಲಿಯ ಆಷಾಢ ಮುಗಿಯುವ ಮೊದಲೇ ಇಲ್ಲಿಯ ಆಡಿ ಬಂದು ಕೂತಿತ್ತು.

ಬಂದ ಆಟೋದಲ್ಲೇ ಅವಳನ್ನು ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ಕಾರಮಡೈಗೆ ಕಳಿಸಿದರು. ಅಲ್ಲಿ ಸುಮುಖನ ಸೋದರತ್ತೆಯ ಮನೆ, ಆ ಮನೆಯಲ್ಲೇ ಅಜ್ಜಿ ಕಾಮಾಕ್ಷಿಯಮ್ಮ. ದ್ವೀಪದ ಬುಕಿಂಗು ರದ್ದಾಯಿತು. ಅಮ್ಮನಿಗೆ ಎದುರಾಡಿ ಅಭ್ಯಾಸವಿಲ್ಲದ ಸುಮುಖ ತಲೆ ಕೆರೆದುಕೊಂಡ. ಅಪೂರ್ವಳಂತೂ ಹುಟ್ಟಿದಾಗಿನಿಂದ ಇದು ಬೇಕು ಎಂದು ಬಾಯಿಬಿಟ್ಟು ಕೇಳಿದವಳೇ ಅಲ್ಲ.

ದಿನಾ ಸಂಜೆ ಅವನ ಫೋನ್ ಬರುತ್ತಿತ್ತು. ಅದೂ ನಡುಮನೆಯ ಲ್ಯಾಂಡ್‌ಲೈನಿಗೆ, ಎಲ್ಲರೂ ಟಿವಿ ನೋಡುವಾಗ.

"ಊಟ ಆಯ್ತಾ?"

"ಹೂಂ."

"ಏನು ಸಾರು?"

"ಬೇಳೆ ಸಾರು."

ಹೀಗೆ ಗಂಡನ ದನಿ ಚೆನ್ನಾಗಿ ಪರಿಚಯವಾಯಿತು, ಮುಖ ಮಾತ್ರ ಮಸುಕಾಗುತ್ತಾ ಬಂತು. ನಕ್ಕರೆ ಅವನಿಗೆ ಗುಳಿ ಬೀಳುತ್ತದೆ, ಅಷ್ಟು ಗೊತ್ತು. ಎಡಗೆನ್ನೆಯಲ್ಲೋ ಬಲಗೆನ್ನೆಯಲ್ಲೋ? ಎಷ್ಟು ಯೋಚಿಸಿದರೂ ನೆನಪಾಗಲೊಲ್ಲದು. ಕಟ್ಟಿಕೊಂಡವನ ಮುಖವೇ ಗೊತ್ತಿಲ್ಲವಲ್ಲ ಎಂದು ಒಬ್ಬಳೇ ಕೂತು ನಗುವಳು, ಆಮೇಲೆ ಬ್ಯಾಗಿನಿಂದ ದ್ವೀಪದ ಚಿತ್ರ ತೆಗೆದು ನೋಡುವಳು.

ಆಡಿ ಹದಿನೆಂಟರ ಹಬ್ಬ ಬಂತು. ಅವತ್ತು ಊರಿಗೆ ಊರೇ ಬಗೆಬಗೆಯ ಕಲಸನ್ನ ಕಟ್ಟಿಕೊಂಡು ಹೊಳೆದಂಡೆಗೆ ಹೋಗುತ್ತದೆ. ಆರ್.ಎಸ್. ಪುರಂನವರೂ ಕಾರಮಡೈಗೆ ಬಂದು, ಎಲ್ಲರೂ ಕೂಡಿ ಭವಾನಿ ಹೊಳೆಗೆ ಹೊರಟರು. ವನಮಾಲಾ ಜಮಖಾನ ಹಾಸಿ, ಈ ತುದಿಗೆ ಮಗನನ್ನು, ಆ ತುದಿಗೆ ಸೊಸೆಯನ್ನು ಕೂರಿಸಿದರು. ನಡುವೆ ಪುಳಿಯೋಗರೆ, ನಿಂಬೆಹಣ್ಣಿನ ಅನ್ನ, ಕಾಯಿ ಅನ್ನ, ಎಳ್ಳನ್ನ, ಮೊಸರನ್ನದ ಪಾತ್ರೆಗಳು ಕೋಟೆ ಗೋಡೆಯಂತೆ ನಿಂತವು. ಮಂಡಿ ನೋವಿನ ಅಜ್ಜಿಗೂ ತಮಗೂ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡರು. ಆ ಎತ್ತರದಿಂದ ಅವರಿಗೆ ಎರಡೂ ತುದಿ ಕಾಣುತ್ತಿತ್ತು.

ಅಪೂರ್ವ ತಲೆಯೆತ್ತಿದರೆ ಪಾತ್ರೆಯ ಮುಚ್ಚಳ, ಅದರಾಚೆ ಸುಮುಖನ ಹಣೆ, ಅಷ್ಟೇ. ಕಣ್ಣು ಹೊಳೆಯ ಕಡೆ ಹೊರಳಿತು. ನೀರು ನಿಂತಂತಿದ್ದ ತಿರುವಿನಲ್ಲಿ ಪುಟ್ಟದೊಂದು ನಡುಗಡ್ಡೆ. ಅದರ ಮೇಲೆ ಒಂದೇ ಒಂದು ತೆಂಗಿನ ಮರ, ಬಾಗಿಕೊಂಡು. ಅವಳು ಎದ್ದು ಅಜ್ಜಿಯ ಕುರ್ಚಿಯ ಬಳಿ ಹೋದಳು. ಅಜ್ಜಿಯ ಕಿವಿಯ ಹತ್ತಿರ ಬಗ್ಗಿ ಏನೋ ಪಿಸುಗುಟ್ಟಿದಳು.

"ಏನು? ಗಟ್ಟಿಯಾಗಿ ಹೇಳು ಕಣ್ಣು, ಕಿವಿ ಮಂದ" ಎಂದರು ಕಾಮಾಕ್ಷಿಯಮ್ಮ.

ಎಲ್ಲರೂ ತಿರುಗಿ ನೋಡಿದರು. ಅಪೂರ್ವಳ ಮುಖ ಕೆಂಪಾಯಿತು. ಈಗ ಬಿಟ್ಟರೆ ಆಡಿ ಮುಗಿಯುವ ತನಕ ಬೇಳೆ ಸಾರೇ ಗತಿ. ಕಣ್ಣು ಮುಚ್ಚಿಕೊಂಡು ಕೂಗಿಯೇಬಿಟ್ಟಳು: "ಆ ನಡುಗಡ್ಡೆಗೆ ಸೂರು ಇದೆಯಾ ಅಜ್ಜಿ?"

ಸುಮುಖನಿಗೆ ಎಳ್ಳನ್ನ ನೆತ್ತಿಗೇರಿತು. ಮಾವ ಗೋಪಾಲಕೃಷ್ಣರು ಉಪ್ಪಿನಕಾಯಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅಜ್ಜಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಭುಜ ಕುಲುಕುವಂತೆ ನಕ್ಕರು.

"ವನಮಾಲಾ, ನೋಡೇ ನಿನ್ನ ಸೊಸೆನ! ಬಾಯಿಲ್ಲದ ಕೂಸು ಅಂದ್ಕೊಂಡಿದ್ದೆ. ಸರಿಯಾಗೇ ಕೇಳ್ತಾಳೆ. ಅಲ್ಲಿ ಸೂರೂ ಇಲ್ಲ, ಹೊಸ್ತಿಲೂ ಇಲ್ಲ. ಹೋಗಿ ಬರಲಿ ಬಿಡು."

"ಶಾಸ್ತ್ರ ಅಂತ ಒಂದಿದೆಯಲ್ಲ ಅತ್ತೆ..."

"ನಿನ್ನ ಮೊದಲನೇ ಆಡಿಯಲ್ಲಿ ನೀನೂ ನನ್ನ ಮಗನೂ ಮೇಟುಪಾಳ್ಯಂ ಬಸ್ ಸ್ಟ್ಯಾಂಡಿನಲ್ಲಿ ಕೂತು ಕಡಲೆಕಾಯಿ ತಿಂದಿದ್ದು ನನಗೆ ಗೊತ್ತಿಲ್ಲ ಅಂದ್ಕೊಂಡೆಯಾ? ಅದಕ್ಕಾದರೆ ಸೂರೂ ಇತ್ತು!"

ಮಾವನವರಿಗೆ ಕೆಮ್ಮು ಬಂತು. ವನಮಾಲಾ ಸೆರಗಿನಿಂದ ಮುಖ ಒರೆಸಿಕೊಂಡರು, ಒರೆಸುತ್ತಲೇ ನಕ್ಕುಬಿಟ್ಟರು.

"ಸೆರಿ, ಹೋಗಿ. ಬಿಸಿಲಿದೆ, ಕೊಡೆ ತಗೊಂಡು... ಬೇಡ ಬೇಡ! ಬಿಚ್ಚಿದರೆ ಅದೂ ಸೂರೇ. ತಲೆ ಮೇಲೆ ಟವೆಲ್ ಹಾಕ್ಕೊಳ್ಳಿ."

ಹರಿಗೋಲಿನವನನ್ನು ಕರೆದದ್ದಾಯಿತು. ಸುಮುಖ ಹತ್ತುವ ಮೊದಲು ಅಜ್ಜಿಯ ಕುರ್ಚಿಯನ್ನು ಆಸೆಯಿಂದ ನೋಡಿದ. "ಎತ್ಕೊಂಡು ಹೋಗೋ" ಎಂದು ಅಜ್ಜಿ ಜಮಖಾನಕ್ಕೆ ಜಾರಿದರು. ಇನ್ನೊಂದನ್ನು ವನಮಾಲಾ ತಾವೇ ಎತ್ತಿಕೊಟ್ಟರು.

ತೆಂಗಿನ ಮರದಡಿ ನೀಲಿ ಪ್ಲಾಸ್ಟಿಕ್ ಕುರ್ಚಿಗಳು ಮರಳಲ್ಲಿ ಒಂದಿಷ್ಟು ಹೂತು ನಿಂತವು. ಇಬ್ಬರೂ ತಲೆಗೆ ಟವೆಲ್ ಸುತ್ತಿಕೊಂಡು ಕೂತರು. ಕಾಲಡಿ ನೀರು ತಣ್ಣಗೆ ಬಂದು ಹೋಗುತ್ತಿತ್ತು. ಹೇಳಿಕೊಳ್ಳಲು ತಿಂಗಳ ಮಾತಿತ್ತು.

"ಏನು ಸಾರು?" ಎಂದ ಸುಮುಖ ಕೊನೆಗೆ.

ಅಪೂರ್ವ ಪಕ್ಕನೆ ನಕ್ಕಳು. ಅವನೂ ನಕ್ಕ. ಅವಳು ನಾಚಿಕೆ ಬಿಟ್ಟು ನೆಟ್ಟ ಕಣ್ಣಿನಿಂದ ನೋಡಿದಳು. ಗುಳಿ ಎಡಗೆನ್ನೆಯಲ್ಲೂ ಇರಲಿಲ್ಲ, ಬಲಗೆನ್ನೆಯಲ್ಲೂ ಇರಲಿಲ್ಲ. ಗದ್ದದಲ್ಲಿತ್ತು.

"ಹರಿಗೋಲಿನವನು ಯಾವಾಗ ಬರ್ತಾನೆ?" ಎಂದು ಕೇಳಿದಳು.

ಸುಮುಖ ದಂಡೆಯ ಕಡೆ ಕೈ ತೋರಿಸಿದ. ಅಜ್ಜಿ ಹರಿಗೋಲಿನವನನ್ನು ಎಲೆಯ ಮುಂದೆ ಕೂರಿಸಿದ್ದರು. ಪುಳಿಯೋಗರೆ ಮುಗಿಸಿ ಅವನು ಏಳಹೊರಟ. ಅಜ್ಜಿ ಅವನ ಹೆಗಲೊತ್ತಿ ಕೂರಿಸಿದರು. ವನಮಾಲಾ ಕಾಯಿ ಅನ್ನದ ಮುಚ್ಚಳ ತೆಗೆದರು.