ಒಂಬತ್ತು ಪ್ರಯಾಣದ ಪಾಯಿಂಟು

ಸಂಡೂರು ಸೀಮೆಯ ವಡ್ಡು ಗ್ರಾಮದ ಹತ್ತಿರದ ಉಕ್ಕಿನ ಕಾರ್ಖಾನೆಯಲ್ಲಿ ರೇಣುಕಾದೇವಿ ಹಿರಿಯ ಎಂಜಿನಿಯರ್. ಅಲ್ಲಿನ ಯಂತ್ರಗಳು ಜರ್ಮನಿಯವು. ಹೊಸದೇನಾದರೂ ಕೂಡಿಸಬೇಕಾದಾಗ ಅಲ್ಲಿಗೆ ಹೋಗಿ ಕಲಿತು ಬರುತ್ತಿದ್ದವಳು ಅವಳೇ. ಆರು ವರ್ಷಗಳಲ್ಲಿ ಒಂಬತ್ತು ಸಲ ಹೋಗಿ ಬಂದಿದ್ದಳು.

ಮೊದಲ ಸಲ ಹೊರಟಾಗ ಕಾರ್ಖಾನೆಯ ಆಡಳಿತ ವಿಭಾಗದವರು ಇಲ್ಲಿಯ ಒಂದು ವಿಮಾನ ಕಂಪನಿಯಲ್ಲಿ ಅವಳ ಹೆಸರಿಗೆ ಸದಸ್ಯತ್ವ ಮಾಡಿಸಿ ಕಾರ್ಡು ಕೊಟ್ಟಿದ್ದರು. ಅವಳು ಹೋಗುತ್ತಿದ್ದ ಯುರೋಪಿನ ವಿಮಾನ ಕಂಪನಿ ಇದರ ಪಾಲುದಾರ. ಅದರಲ್ಲಿ ಹಾರಿದರೂ ದೂರಕ್ಕೆ ತಕ್ಕಷ್ಟು ಪಾಯಿಂಟು ಇಲ್ಲಿಯ ಖಾತೆಗೇ ಜಮೆಯಾಗುತ್ತದೆ, ಸಾಕಷ್ಟು ಸೇರಿದ ಮೇಲೆ ಯಾವ ಪಾಲುದಾರ ವಿಮಾನಕ್ಕಾದರೂ ಟಿಕೆಟು ಪಡೆಯಬಹುದು ಎಂದು ಹೇಳಿದ್ದರು. ಪ್ರತಿ ಸಲವೂ ವಿಮಾನ ನಿಲ್ದಾಣದ ಕೌಂಟರಿನಲ್ಲಿ ರೇಣುಕಾದೇವಿ ಆ ನಂಬರನ್ನು ತಪ್ಪದೆ ಕೊಡುತ್ತಿದ್ದಳು.

ಆ ಪಾಯಿಂಟು ಅವಳು ಕೂಡಿಡುತ್ತಿದ್ದುದು ತಾಯಿಗಾಗಿ. ಚೋರನೂರಿನ ಕರೆಮ್ಮ ಸಂಡೂರಿನ ಗುಡ್ಡಗಳಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆದು ಮಗಳನ್ನು ಓದಿಸಿದವಳು. ಗಂಡ ಮಾರೆಪ್ಪನ ಜೊತೆ ಬೌದ್ಧಳಾದ ಮೇಲೆ, ಶ್ರೀಲಂಕಾದ ಅನುರಾಧಪುರದ ಬೋಧಿವೃಕ್ಷ ನೋಡಬೇಕೆಂಬ ಆಸೆ ಇಬ್ಬರಿಗೂ ಇತ್ತು. ಮಾರೆಪ್ಪ ನೋಡದೆಯೇ ತೀರಿಕೊಂಡ. ಕರೆಮ್ಮನ ಮಂಡಿಗಳು ಈಗ ಮಡಚಲು ಬಾರವು, ಕಾಲು ಚಾಚುವಂಥ ದೊಡ್ಡ ಸೀಟೇ ಬೇಕು. ದುಡ್ಡು ಕೊಟ್ಟು ಕೊಳ್ಳಲಾಗದವಳೇನಲ್ಲ ರೇಣುಕಾದೇವಿ. ಆದರೆ ತಾನು ಹಾರಿದ ದೂರದಿಂದಲೇ ತಾಯಿಯೂ ಹಾರಬೇಕೆಂಬುದು ಅವಳ ಹಟವಾಗಿತ್ತು.

ಒಂದು ಭಾನುವಾರ ಹೊಸಪೇಟೆಯ ಮನೆಯಲ್ಲಿ ಕೂತು ಟಿಕೆಟು ತೆಗೆಯಲು ನೋಡಿದಳು. ಓಟಿಪಿ ಅವಳ ಫೋನಿಗೆ ಬರಲೇ ಇಲ್ಲ. ಕಂಪನಿಗೆ ಫೋನು ಮಾಡಿ ಪಾಸ್‌ಪೋರ್ಟ್ ನಂಬರು ಹೇಳಿದಾಗ ಆ ಕಡೆಯ ಹೆಂಗಸು ವಿವರ ಓದಿ ಹೇಳಿದಳು. ಖಾತೆಯಲ್ಲಿ ಉಳಿದಿದ್ದು ಚಿಲ್ಲರೆ ಪಾಯಿಂಟು ಮಾತ್ರ. ಅವಳ ಪಾಯಿಂಟಿನಿಂದ ಬೇಸಿಗೆಯಲ್ಲಿ ಸಿಂಗಪುರಕ್ಕೆ ನಾಲ್ಕು ಟಿಕೆಟು ತೆಗೆದಿದ್ದರು. ಮುಂದಿನ ತಿಂಗಳು ದುಬೈಗೆ ಇನ್ನೂ ನಾಲ್ಕು ಕಾದಿದ್ದವು. ಎರಡರಲ್ಲೂ ಹೆಸರು ಒಂದೇ ಕುಟುಂಬದ್ದು: ಆಡಳಿತ ವಿಭಾಗದ ಮ್ಯಾನೇಜರ್ ಮಲ್ಲಿಕಾರ್ಜುನ್, ಅವನ ಹೆಂಡತಿ, ಇಬ್ಬರು ಮಕ್ಕಳು. ಖಾತೆಗೆ ಕೊಟ್ಟಿದ್ದ ಫೋನು, ಈಮೇಲು ಅವನ ವಿಭಾಗದವು.

ಮರುದಿನ ಬೆಳಿಗ್ಗೆ ಅವಳು ನೇರ ಅವನ ಕೋಣೆಗೆ ಹೋದಳು. ಮಲ್ಲಿಕಾರ್ಜುನ್ ಗಾಬರಿಯಾಗಲಿಲ್ಲ. ಟಿಕೆಟಿನ ದುಡ್ಡು ಕಾರ್ಖಾನೆಯದು, ಹಾಗಾಗಿ ಪಾಯಿಂಟೂ ಕಾರ್ಖಾನೆಯದೇ ಎಂದ. ಹಾಗಾದರೆ ಮಕ್ಕಳನ್ನು ಕರೆದುಕೊಂಡು ಸಿಂಗಪುರಕ್ಕೆ ಹೋದದ್ದು ಕಾರ್ಖಾನೆಯ ಕೆಲಸಕ್ಕೋ ಎಂದು ಅವಳು ಕೇಳಿದಳು. ಅಷ್ಟು ಪಾಯಿಂಟು ಅವಳಿಗೆ ಏತಕ್ಕೆ ಎಂದು ಅವನು ತಿರುಗಿ ಕೇಳಿದ. ಅವಳು ತಾಯಿಯ ವಿಷಯ ಹೇಳಿದಳು. ಅವನೂ ಸಂಡೂರಿನವನೇ, ಕರೆಮ್ಮ ಯಾರೆಂದು ಬಲ್ಲವನು.

"ನಿಮ್ಮವ್ವ ಗುಡ್ಡದಾಗ ಅದಿರು ಒಡದಾಕಿ," ಎಂದು ನಕ್ಕ. "ಆಕಿಗೆ ವಿಮಾನದಾಗ ದೊಡ್ಡ ಸೀಟು ಯಾಕ್ಬೇಕ್ರಿ?"

ರೇಣುಕಾದೇವಿ ಮೇಜಿನ ಅಂಚು ಹಿಡಿದು ನಿಂತಳು.

"ಆಕಿ ಅದಿರು ಒಡದಿದ್ಕ ಮಂಡಿ ಹೋಗ್ಯಾವು, ಅದಕ್ಕ ಬೇಕು," ಎಂದಳು. "ದುಬೈಗೆ ನೀವು ಹೆಂಗ ಹೋಗ್ತೀರಿ ನಾನೂ ನೋಡ್ತೀನಿ."

ಅಂದೇ ವಿಮಾನ ಕಂಪನಿಗೆ ದೂರು ಬರೆದಳು. ಒಂಬತ್ತು ಪ್ರಯಾಣದ ದಾಖಲೆ ಕೇಳಿದರು. ಪಾಸ್‌ಪೋರ್ಟಿನ ಮುದ್ರೆಗಳನ್ನು, ಹಳೆಯ ಬೋರ್ಡಿಂಗ್ ಪಾಸುಗಳನ್ನು ಒಂದೊಂದಾಗಿ ಫೋಟೋ ತೆಗೆದು ಕಳಿಸಿದಳು. ಮೂರನೇ ದಿನ ಕಾರ್ಖಾನೆಯ ದೊಡ್ಡ ಅಧಿಕಾರಿ ಶಂಭುಲಿಂಗ ಕರೆಸಿದರು. ಮಲ್ಲಿಕಾರ್ಜುನನ ಮಕ್ಕಳು ಬಟ್ಟೆಬರೆ ಕೊಂಡು ಕುಣಿಯುತ್ತಿವೆ, ದುಬೈ ಮುಗಿಯಲಿ, ಆಮೇಲೆ ಎಲ್ಲ ಸರಿಮಾಡೋಣ ಎಂದರು. ಮಾರ್ಚಿನ ಜರ್ಮನಿ ಪ್ರಯಾಣಕ್ಕೆ ಇನ್ನೂ ಹೆಸರು ಅಂತಿಮವಾಗಿಲ್ಲ ಎಂಬ ಮಾತನ್ನೂ ಸೇರಿಸಿದರು. ಇದನ್ನೇ ಬರೆದು ಸಹಿ ಹಾಕಿ ಕೊಡಿ ಎಂದಳು ರೇಣುಕಾದೇವಿ. ಅವರು ಕೊಡಲಿಲ್ಲ. ಅವಳೂ ದೂರು ಹಿಂದೆಗೆಯಲಿಲ್ಲ.

ಹನ್ನೆರಡು ದಿನಕ್ಕೆ ವಿಮಾನ ಕಂಪನಿಯಿಂದ ಉತ್ತರ ಬಂತು. ಪಾಯಿಂಟು ಹಾರಿದವರಿಗೇ ಸೇರಿದ್ದು. ದುಬೈ ಟಿಕೆಟುಗಳು ರದ್ದಾಗಿ ಅವುಗಳ ಪಾಯಿಂಟು ಮರಳಿತು. ಸಿಂಗಪುರದ್ದನ್ನು ಮಾತ್ರ ಕೊಡಲಾಗದು, ಅದು ಬಳಸಿ ಮುಗಿದದ್ದು ಎಂದಿದ್ದರು. ಕಾರ್ಖಾನೆಯವರು ಮಲ್ಲಿಕಾರ್ಜುನನನ್ನು ಅದೇ ಸಂಬಳದ ಮೇಲೆ ಬೇರೆ ವಿಭಾಗಕ್ಕೆ ಹಾಕಿದರು, ಅಷ್ಟೇ. ಮಾರ್ಚಿನ ಪ್ರಯಾಣ ಎರಡು ವರ್ಷದ ಹಿಂದೆ ಸೇರಿದ ಕಿರಿಯ ಎಂಜಿನಿಯರ್ ಹಂಪೇಶನ ಪಾಲಾಯಿತು. ಅವನು ಯಂತ್ರದ ನಕ್ಷೆಗಳನ್ನು ಹಿಡಿದುಕೊಂಡು ಅವಳ ಬಳಿಯೇ ಕೇಳಲು ಬಂದ. ಅವನ ತಪ್ಪೇನೂ ಇರಲಿಲ್ಲ. ಆದರೂ, ಕಳಿಸಿದವರನ್ನೇ ಕೇಳು ಎಂದು ಅವಳು ಮುಖ ತಿರುಗಿಸಿದಳು.

ಜನವರಿಯಲ್ಲಿ, ಮರಳಿ ಬಂದ ಪಾಯಿಂಟಿನಲ್ಲೇ, ತಾಯಿ ಮಗಳು ಬೆಂಗಳೂರಿನಿಂದ ಕೊಲಂಬೊಗೆ ಹಾರಿದರು. ಕರೆಮ್ಮ ಕಾಲು ಚಾಚಿ ಕೂತು, ಕೊಟ್ಟದ್ದನ್ನೆಲ್ಲ ತಿಂದು, ಕಿಟಕಿಯ ಕಡೆ ನೋಡುತ್ತಲೇ ಇದ್ದಳು. ಅನುರಾಧಪುರದಲ್ಲಿ ಬರಿಗಾಲಲ್ಲಿ ಮಗಳ ತೋಳು ಹಿಡಿದು ಮೆಟ್ಟಿಲು ಹತ್ತಿ, ಮರದ ಎದುರು ಹೂವಿಟ್ಟು ಬಹಳ ಹೊತ್ತು ಕೂತಳು. ಪಕ್ಕದಲ್ಲಿ ರೇಣುಕಾದೇವಿಗೆ ಕಣ್ಣು ಮುಚ್ಚಲಾಗಲಿಲ್ಲ. ಮುಚ್ಚಿದರೆ ಮಲ್ಲಿಕಾರ್ಜುನನ ನಗುವೇ ಕಾಣುತ್ತಿತ್ತು.

ಯಾಕೆ ಹೀಗಿದ್ದೀ ಎಂದು ಕರೆಮ್ಮ ಕೇಳಿದಳು. ಅಲ್ಲಿಯವರೆಗೆ ಮುಚ್ಚಿಟ್ಟದ್ದನ್ನೆಲ್ಲ, ಅವನು ಆಡಿದ ಮಾತನ್ನೂ ಸೇರಿಸಿ, ರೇಣುಕಾದೇವಿ ಹೇಳಿಬಿಟ್ಟಳು. ಇಲ್ಲಿ ಕೂತು ಇಂಥದ್ದನ್ನು ಹೇಳಿದೆನಲ್ಲ ಎಂದು ಮರುಕ್ಷಣವೇ ನೊಂದಳು.

ಕರೆಮ್ಮ ಮಗಳ ಕಡೆ ತಿರುಗಿ ಕೂತಳು.

"ಆ ಸಿಂಗಪುರದ್ದು ಇನ್ನಾ ಬಂದಿಲ್ಲಲ್ಲ?"

"ಇಲ್ಲವ್ವ. ಆಗಂಗಿಲ್ಲ ಅಂದಾರ."

"ಇನ್ನೊಮ್ಮೆ ಬರಿ," ಎಂದಳು ಕರೆಮ್ಮ, ಏಳಲು ಕೈ ಚಾಚುತ್ತ. "ಅವೂ ನಿನ್ನವ ಅದಾವು. ಬಿಡಬ್ಯಾಡ."

ಸಂಜೆ ಲಾಡ್ಜಿನಲ್ಲಿ ತಾಯಿಯ ಮಂಡಿಗೆ ಎಣ್ಣೆ ತಿಕ್ಕಿದ ಮೇಲೆ ರೇಣುಕಾದೇವಿ ಎರಡನೇ ದೂರು ಬರೆಯಲು ಕೂತಳು.