ಕಮಾನಿನ ಆಚೆ ಬದಿ

ಆ ಊರಿನ ಹಳೆಯ ಮಸೀದಿಯ ಗುಮ್ಮಟ, ಕಲ್ಲಿನ ಕಮಲದೊಳಗಿಂದ ಎದ್ದ ಮೊಗ್ಗಿನಂತಿತ್ತು. ಬುಡದ ಸುತ್ತ ಅರಳಿದ್ದ ಆ ಎಸಳುಗಳಿಗೆ ನನ್ನ ಸೋದರತ್ತೆ ಇಂದುಮತಿ ಮರುಳಾಗಿದ್ದಳು. ಚಿತ್ರಕಲೆ ಕಲಿಸುತ್ತಿದ್ದ ಅವಳು ಆ ಮಸೀದಿಯ ಚಿತ್ರ ಬರೆದು ಪ್ರದರ್ಶನಕ್ಕಿಡಲು ಹೊರಟಾಗ, ಆಗಷ್ಟೇ ಕಾಲೇಜು ಮುಗಿಸಿದ್ದ ನಾನೂ ಜೊತೆಗೆ ಹೋದೆ. "ಕಮಲ ಯಾರದು, ಕಮಾನು ಯಾರದು? ಕಟ್ಟಿದ ಕೈಗಳು ಕೇಳಲಿಲ್ಲ, ನಾವು ಕೇಳತೀವಿ" ಎಂದು ಅವಳು ಸಭೆಗಳಲ್ಲಿ ಹೇಳಿದರೆ ಜನ ಚಪ್ಪಾಳೆ ತಟ್ಟುತ್ತಿದ್ದರು.

ಮಸೀದಿ ನೋಡಿಕೊಳ್ಳುವವರ ಮನೆ ಅಂಗಳದ ಮೂಲೆಯಲ್ಲೇ ಇತ್ತು. ಆ ಮನೆಯ ಹಲೀಮಾಬಿ ಮೊದಲ ದಿನವೇ, ಗುಮ್ಮಟದಡಿಯ ದೊಡ್ಡ ಕಮಾನಿನ ಬುಡದಲ್ಲಿ ಕುಳಿತಿದ್ದ ನಮಗೆ ನೀರು, ಶಾವಿಗೆ ಪಾಯಸ ತಂದಿಟ್ಟಳು. "ಬಿಸಲಾಗ ಬಂದೀರಿ ಅಕ್ಕಾರ, ಬಾಯಿ ತಂಪ ಮಾಡ್ಕೊಳ್ರಿ."

ಅತ್ತೆ ನಗುತ್ತ ಕೈಮುಗಿದಳು. ಹಲೀಮಾಬಿ ಗುಮ್ಮಟದಡಿಯಲ್ಲಿ ಹಾದು ಆಚೆ ಬದಿಗೆ ಹೋದ ಮೇಲೆ, ಕಮಾನಿನ ಬುಡಕ್ಕೆ ಮುಖ ತಿರುಗಿಸಿ ನನಗೆ ಪಿಸುಗುಟ್ಟಿದಳು: "ಇವರ ಮನೀ ನೀರು ನನ್ನ ಗಂಟಲಾಗ ಇಳಿಯೂದಿಲ್ಲ. ಯಾರಿಗೂ ಕಾಣದಂಗ ಗಿಡದ ಬುಡಕ್ಕ ಸುರುವಿ ಬಾ."

ನಾನು ನೀರು, ಪಾಯಸ ಎರಡನ್ನೂ ಸುರುವಿ ಬಂದೆ.

ಮರುದಿನ ಅತ್ತೆ ಅದೇ ಜಾಗದಲ್ಲಿ ಕುಳಿತು ಎಸಳುಗಳ ಚಿತ್ರಕ್ಕೆ ನೆರಳು ತುಂಬುತ್ತಿದ್ದಳು. ಇದ್ದಕ್ಕಿದ್ದಂತೆ ನಮ್ಮ ಕಿವಿಯ ಪಕ್ಕದಲ್ಲೇ ಯಾರೋ ಮೆಲ್ಲಗೆ ಮಾತಾಡಿದರು. ತಿರುಗಿದರೆ ಯಾರೂ ಇಲ್ಲ. ಬಲು ದೂರದಲ್ಲಿ, ಕಮಾನಿನ ಆಚೆ ಬುಡದಲ್ಲಿ, ಹಲೀಮಾಬಿ ಹೂ ಮಾರುವ ನಿಂಗವ್ವನ ಕಿವಿಯ ಹತ್ತಿರ ಬಾಗಿದ್ದಳು.

"ನಿಂಗವ್ವಾ, ನಿಮ್ಮ ಮನಿಯಿಂದ ಒಂದು ತಂಬಿಗಿ ನೀರ ತಂದಕೊಡು. ನಮ್ಮ ನೀರು ಅಕ್ಕಾರ ಗಂಟಲಾಗ ಇಳಿಯೂದಿಲ್ಲಂತ. ಬಾಯಿ ಒಣಗಸ್ಕೊಂಡು ಕುಂತಾರ, ಪಾಪ."

ಅತ್ತೆಯ ಪೆನ್ಸಿಲ್ ನಿಂತಿತು. ಕತ್ತೆತ್ತಿ ನೋಡಿದಳು. ನಮ್ಮ ತಲೆಯ ಮೇಲಿಂದ ಎದ್ದ ಗಾರೆಯ ನುಣುಪು ಬಾಗು ಎಲ್ಲೂ ಮುರಿಯದೆ ಆಚೆ ಬುಡಕ್ಕೆ ಇಳಿದಿತ್ತು. ಮಾತು ಅದರ ಮೇಲೆಯೇ ಜಾರಿ ಬಂದಿತ್ತು.

"ನಿನಗೂ ಕೇಳಿಸ್ತೇನು?"

"ಹೂಂ."

"ಹಂಗಾರ ನಿನ್ನೆ ನಾನಂದಿದ್ದೂ..." ಕತ್ತಿನವರೆಗೂ ಕೆಂಪೇರಿದ ಅವಳ ಮುಖವನ್ನು ನೋಡಲಾರದೆ ನಾನು ನೆಲ ನೋಡಿದೆ. ಗಿಡದ ಬುಡಕ್ಕೆ ಹೋದದ್ದು ನನ್ನ ಕಾಲುಗಳೇ.

ಅತ್ತೆ ಎದ್ದು ನೇರ ಹಲೀಮಾಬಿಯ ಮನೆಬಾಗಿಲಿಗೆ ನಡೆದಳು. ನಾನು ಹಿಂದೆ ಹೋದೆ. "ನನಗ ನಿಮ್ಮ ಗಡಿಗೀ ನೀರ ಕೊಡ್ರಿ" ಎಂದು ಬೊಗಸೆಯೊಡ್ಡಿದಳು.

ಹಲೀಮಾಬಿ ಹೊಸ್ತಿಲಿಗೆ ಬಂದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅತ್ತೆಗೆ ಹಗುರಾಗುತ್ತಿತ್ತೇನೋ.

"ನಾಚಿಕಿಗೆ ಕುಡೀಬ್ಯಾಡ್ರಿ ಅಕ್ಕಾರ. ನೀರಡಿಕಿ ಆದಾಗ ಬರ್ರಿ, ಕೊಡತೀನಿ."

ಅಷ್ಟರಲ್ಲಿ ನಿಂಗವ್ವ ತಂಬಿಗೆ ಹಿಡಿದು ಬಂದಳು. ಏನೂ ಅರಿಯದ ಅವಳು, ಒಡ್ಡಿದ್ದ ಆ ಬೊಗಸೆ ಕಂಡು ನೀರು ಸುರಿದಳು. ಬೊಗಸೆ ತುಂಬಿತು. ಅತ್ತೆ ಬಾಯಿಗೆ ಒಯ್ಯಲಿಲ್ಲ, ಚೆಲ್ಲಲೂ ಇಲ್ಲ. ಬೆರಳ ಸಂದಿಯಿಂದ ಹನಿಹನಿಯಾಗಿ ಸೋರಿದ ನೀರು ಕಾದ ಹಾಸುಗಲ್ಲಿನ ಮೇಲೆ ಬಿದ್ದು, ಬಿದ್ದಲ್ಲೇ ಆರುತ್ತಿತ್ತು.